ಒಂದು ಮೈಕ್ರೋಸ್ಕೋಪು, ಆಯಾಳ ಸಂಬಳ: ಜಾನೆಟ್ ರೌಲಿ ಪ್ರಕರಣ

1962ರಲ್ಲಿ ಜಾನೆಟ್ ರೌಲಿ ಶಿಕಾಗೋ ವಿಶ್ವವಿದ್ಯಾಲಯದ ರಕ್ತರೋಗ ತಜ್ಞ ಲಿಯಾನ್ ಜೇಕಬ್ಸನ್ ಬಳಿ ಕೆಲಸ ಕೇಳಿಕೊಂಡು ಹೋದರು. ಬೇಡಿಕೆ ದೊಡ್ಡದೇನಲ್ಲ. ಒಂದು ಮೈಕ್ರೋಸ್ಕೋಪು, ಕೂತು ನೋಡೋದಕ್ಕೆ ಒಂದಿಷ್ಟು ಜಾಗ, ಮನೇಲಿ ಮಕ್ಕಳನ್ನು ನೋಡಿಕೊಳ್ಳುವವರಿಗೆ ಕೊಡಲು ಸಾಕಾಗುವಷ್ಟು ಸಂಬಳ. ಜೇಕಬ್ಸನ್ ಒಪ್ಪಿದರು. ವರ್ಷಕ್ಕೆ 5,000 ಡಾಲರ್, ವಾರಕ್ಕೆ ಮೂರು ದಿನ ಕೆಲಸ. ಆಗ ರೌಲಿಗೆ 37 ವರ್ಷ. ಎಂ.ಡಿ. ಪದವಿ ಕೈಗೆ ಬಂದು 14 ವರ್ಷ ಕಳೆದಿತ್ತು. ಪಿಎಚ್‌.ಡಿ. ಇರಲಿಲ್ಲ, ಹೇಳಿಕೊಳ್ಳುವಂಥ ಸಂಶೋಧನಾ ಹುದ್ದೆಯನ್ನೂ ಹಿಡಿದಿರಲಿಲ್ಲ.

ಹನ್ನೊಂದು ವರ್ಷದ ನಂತರ, 1973ರ ಜೂನ್‌ನಲ್ಲಿ, 'ನೇಚರ್' ಪತ್ರಿಕೆಯಲ್ಲಿ ಅವರೊಬ್ಬರದೇ ಹೆಸರಿನಲ್ಲಿ ನಾಲ್ಕು ಪುಟದ ಲೇಖನ ಬಂತು. ಇವತ್ತು ಬೆಂಗಳೂರಲ್ಲೋ ಮಣಿಪಾಲದಲ್ಲೋ ಯಾರಿಗಾದರೂ ಸಿಎಂಎಲ್ ಎಂಬ ರಕ್ತದ ಕ್ಯಾನ್ಸರ್ ಇದೆಯೇ ಎಂದು ನೋಡುವಾಗ, ಲ್ಯಾಬು ಹುಡುಕುವುದು ಆ ಲೇಖನದಲ್ಲಿ ಹೇಳಿದ್ದನ್ನೇ. ಒಬ್ಬ ಸಂಶೋಧಕರ ಪ್ರಭಾವ ಅಂದ ಕೂಡಲೇ ನಾವು ಎಷ್ಟು ಪ್ರಬಂಧ, ಎಷ್ಟು ಉಲ್ಲೇಖ, ಎಷ್ಟು ಪ್ರಶಸ್ತಿ ಎಂದು ಎಣಿಸಲು ಶುರು ಮಾಡುತ್ತೇವೆ. ರೌಲಿ ಪ್ರಕರಣದಲ್ಲಿ ನನಗೆ ಕುತೂಹಲ ಇರುವುದು ಬೇರೆ ಕಡೆ. ಅರೆಕಾಲಿಕ ಕೆಲಸದ ಒಬ್ಬರು ಕಂಡದ್ದು ಇಡೀ ವೈದ್ಯಲೋಕದ ದಿನನಿತ್ಯದ ಕೆಲಸ ಆಗಬೇಕಾದರೆ ನಡುವೆ ಏನೇನು ನಡೆಯಬೇಕಾಯಿತು? ಅದರಲ್ಲಿ ಅವರ ಪಾಲೆಷ್ಟು, ಬೇರೆಯವರ ಪಾಲೆಷ್ಟು?

ಅಲ್ಲಿಯವರೆಗಿನ ದಾರಿ

ರೌಲಿ ಹುಟ್ಟಿದ್ದು 1925ರಲ್ಲಿ, ನ್ಯೂಯಾರ್ಕಿನಲ್ಲಿ. 15ನೇ ವಯಸ್ಸಿಗೇ ಸ್ಕಾಲರ್‌ಶಿಪ್ ಪಡೆದು ಶಿಕಾಗೋ ವಿಶ್ವವಿದ್ಯಾಲಯ ಸೇರಿದವರು. 19ಕ್ಕೆ ಮೆಡಿಕಲ್ ಸೀಟು ಸಿಕ್ಕಿತು, ಆದರೆ ತಕ್ಷಣ ಸೇರಲು ಆಗಲಿಲ್ಲ. ಆ ವರ್ಷದ 65 ಸೀಟುಗಳಲ್ಲಿ ಹೆಂಗಸರಿಗೆ ಮೀಸಲಿದ್ದದ್ದು ಮೂರೇ, ಮೂರೂ ತುಂಬಿದ್ದವು. ಹಾಗಾಗಿ ಒಂಬತ್ತು ತಿಂಗಳು ಸುಮ್ನೆ ಕಾಯಬೇಕಾಯಿತು. 1948ರಲ್ಲಿ ಪದವಿ ಬಂತು. ಮರುದಿನವೇ ಮದುವೆ. ಗಂಡ ಡೊನಾಲ್ಡ್ ರೌಲಿ ಕೂಡ ವೈದ್ಯರು, ಮುಂದೆ ಅದೇ ವಿಶ್ವವಿದ್ಯಾಲಯದಲ್ಲಿ ರೋಗಶಾಸ್ತ್ರದ ಸಂಶೋಧಕರಾದರು. ನಾಲ್ಕು ಗಂಡು ಮಕ್ಕಳು. ಮುಂದಿನ ವರ್ಷಗಳಲ್ಲಿ ರೌಲಿ ವಾರಕ್ಕೆ ಕೆಲವು ದಿನ ಮಾತ್ರ ಕ್ಲಿನಿಕ್‌ಗಳಲ್ಲಿ ಕೆಲಸ ಮಾಡಿದರು. ಡೌನ್ ಸಿಂಡ್ರೋಮ್ (ಹುಟ್ಟಿನಿಂದಲೇ ಬುದ್ಧಿ, ದೇಹದ ಬೆಳವಣಿಗೆ ನಿಧಾನವಾಗಿರುವ ಸ್ಥಿತಿ) ಇರುವ ಮಕ್ಕಳ ಕ್ಲಿನಿಕ್ ಅವುಗಳಲ್ಲೊಂದು.

ಆ ಕ್ಲಿನಿಕ್ಕೇ ತಿರುವು ಕೊಟ್ಟಿತು. 1959ರಲ್ಲಿ ಪ್ಯಾರಿಸ್ಸಿನ ಜೆರೋಮ್ ಲೆಜೂನ್ ಮತ್ತು ಸಂಗಡಿಗರು ಡೌನ್ ಸಿಂಡ್ರೋಮ್ ಇರುವವರಲ್ಲಿ, ಕೋಶದೊಳಗೆ ಜೀನುಗಳನ್ನು ಹೊತ್ತಿರುವ ಕಡ್ಡಿಯಂಥ ಕ್ರೋಮೋಸೋಮ್‌ಗಳ ಪೈಕಿ 21ನೆಯದು, ಎರಡರ ಬದಲು ಮೂರು ಇರುತ್ತದೆ ಎಂದು ತೋರಿಸಿದ್ದರು. ರೌಲಿ ಕ್ಲಿನಿಕ್ಕಿನಲ್ಲಿ ನೋಡುತ್ತಿದ್ದ ಮಕ್ಕಳ ಸ್ಥಿತಿಗೆ ಕಣ್ಣಿಗೆ ಕಾಣುವ ಕಾರಣ ಸಿಕ್ಕಿತ್ತು. 1961ರಲ್ಲಿ ಗಂಡನಿಗೆ ಆಕ್ಸ್‌ಫರ್ಡಿನಲ್ಲಿ ಒಂದು ವರ್ಷದ ಅಧ್ಯಯನ ರಜೆ ಸಿಕ್ಕಾಗ ಇವರೂ ಫೆಲೋಶಿಪ್ ಹೊಂದಿಸಿಕೊಂಡು ಹೊರಟರು. ಅಲ್ಲಿ ಕ್ರೋಮೋಸೋಮ್‌ಗಳನ್ನು ನೋಡುವ ಕೆಲಸ ಕಲಿತರು. ವಾಪಸ್ ಬಂದಾಗ ಆ ಕೆಲಸ ಅರ್ಧಕ್ಕೆ ನಿಂತಿತ್ತು. ಜೇಕಬ್ಸನ್ ಬಳಿ ಹೋದದ್ದು ಅದನ್ನು ಮುಂದುವರಿಸೋದಕ್ಕೆ. ನಮ್ಮ ವಿಭಾಗದ ಲುಕೇಮಿಯಾ (ರಕ್ತದ ಕ್ಯಾನ್ಸರ್) ರೋಗಿಗಳ ಕ್ರೋಮೋಸೋಮ್‌ಗಳನ್ನೂ ಒಮ್ಮೆ ನೋಡಿ ಎಂದು ಹೇಳಿದವರು ಜೇಕಬ್ಸನ್ನೇ.

ಹತ್ತು ವರ್ಷ ಏನೂ ಸಿಗಲಿಲ್ಲ

ರೌಲಿ ಕಥೆ ಹೇಳುವವರು ಈ ಭಾಗವನ್ನು ಬೇಗ ದಾಟಿಬಿಡುತ್ತಾರೆ. 1962ರಿಂದ 1972ರವರೆಗೆ ಲುಕೇಮಿಯಾ ಕೋಶಗಳಲ್ಲಿ ಅವರಿಗೆ ಕಂಡದ್ದು ಗೊಂದಲವೇ ಜಾಸ್ತಿ. ಒಬ್ಬ ರೋಗಿಯಲ್ಲಿ ಒಂದು ಕ್ರೋಮೋಸೋಮ್ ಹೆಚ್ಚು, ಇನ್ನೊಬ್ಬರಲ್ಲಿ ಒಂದು ಕಡಿಮೆ. ಹಿಡಿದು ಹೇಳುವಂಥ ನಿಯಮ ಇರಲಿಲ್ಲ.

ಕಾರಣ ತಾಂತ್ರಿಕವಾದದ್ದು. ಮನುಷ್ಯನ ಕೋಶದಲ್ಲಿ 46 ಕ್ರೋಮೋಸೋಮ್ ಇರುತ್ತವೆ. ಅಂದಿನ ಬಣ್ಣಗಳಲ್ಲಿ ಅವೆಲ್ಲ ಒಂದೇ ಥರದ ಕಪ್ಪು ಕಡ್ಡಿಗಳಂತೆ ಕಾಣುತ್ತಿದ್ದವು. ಉದ್ದ ನೋಡಿ 'ಎ'ಯಿಂದ 'ಜಿ'ವರೆಗೆ ಏಳು ಗುಂಪು ಮಾಡುತ್ತಿದ್ದರು, ಅಷ್ಟೇ. 'ಸಿ' ಗುಂಪಿನಲ್ಲಿ 6ರಿಂದ 12ರವರೆಗಿನವು, ಜತೆಗೆ ಎಕ್ಸ್. ಅದರೊಳಗೆ 8 ಯಾವುದು, 9 ಯಾವುದು ಎಂದು ಯಾರೂ ಖಚಿತವಾಗಿ ಹೇಳುವಂತಿರಲಿಲ್ಲ. 21 ಮತ್ತು 22 ಎರಡೂ 'ಜಿ' ಗುಂಪಿನ ಪುಟಾಣಿಗಳು. ಅವುಗಳದ್ದೂ ಅದೇ ಕಥೆ.

ಇಷ್ಟರಲ್ಲೂ ಒಂದೇ ಒಂದು ಗಟ್ಟಿ ಸುಳಿವು ಇತ್ತು. 1960ರಲ್ಲಿ ಫಿಲಡೆಲ್ಫಿಯಾದ ಪೀಟರ್ ನೋವೆಲ್ ಮತ್ತು ಡೇವಿಡ್ ಹಂಗರ್‌ಫರ್ಡ್ ಸಿಎಂಎಲ್ ರೋಗಿಗಳ ಕೋಶಗಳಲ್ಲಿ ಅಸಹಜವಾಗಿ ಚಿಕ್ಕದಾದ ಒಂದು ಕ್ರೋಮೋಸೋಮ್ ಕಂಡಿದ್ದರು. ಅದಕ್ಕೆ ಆ ಊರಿನ ಹೆಸರೇ ಬಿತ್ತು: ಫಿಲಡೆಲ್ಫಿಯಾ ಕ್ರೋಮೋಸೋಮ್. ತುದಿ ಎಲ್ಲೋ ಮುರಿದು ಕಳೆದುಹೋಗಿದೆ ಎಂದೇ ಎಲ್ಲರೂ ನಂಬಿದ್ದರು. ಕಳೆದ ತುಂಡು ಎಲ್ಲಿ ಹೋಯಿತು ಎಂದು ಹುಡುಕುವ ಸಾಧನ ಯಾರ ಕೈಯಲ್ಲೂ ಇರಲಿಲ್ಲ. ಇನ್ನೊಂದು ಕಡೆ, ಕ್ರೋಮೋಸೋಮ್ ಬದಲಾವಣೆ ಕ್ಯಾನ್ಸರಿನ ಕಾರಣವಲ್ಲ, ಕ್ಯಾನ್ಸರ್ ಬಂದ ಮೇಲೆ ಕೋಶ ಕೆಟ್ಟು ಆಗುವ ಪರಿಣಾಮ ಎನ್ನುವುದೇ ಆಗಿನ ದೊಡ್ಡವರ ಅಭಿಪ್ರಾಯ. ಫಿಲಡೆಲ್ಫಿಯಾ ಕ್ರೋಮೋಸೋಮ್ ಒಂದು ಅಪವಾದ ಎಂದು ಬದಿಗಿಟ್ಟಿದ್ದರು.

ಹತ್ತು ವರ್ಷ ಇಂಥ ಕೆಲಸಕ್ಕೆ ಸಂಬಳ ಕೊಡುತ್ತಾ ಕೂತವರು ಯಾರು ಸಿಗುತ್ತಾರೆ, ಅಲ್ವಾ? ಜೇಕಬ್ಸನ್ ಕೊಟ್ಟರು. ಪ್ರಕರಣದಲ್ಲಿ ಅವರ ಪಾತ್ರಕ್ಕೆ ಸಿಗಬೇಕಾದಷ್ಟು ಮಾತು ಸಿಕ್ಕಿಲ್ಲ ಎಂದು ನನ್ನ ಅನಿಸಿಕೆ.

ಊಟದ ಮೇಜು

1970ರ ಹೊತ್ತಿಗೆ ಸ್ವೀಡನ್ನಿನ ಟೊರ್ಬ್ಯೋರ್ನ್ ಕಾಸ್ಪರ್ಸನ್ ಮತ್ತು ಲೋರೆ ಜೆಕ್ ಕ್ವಿನಕ್ರಿನ್ ಎಂಬ ಬಣ್ಣ ಬಳಸಿ ಹೊಸ ವಿಧಾನ ತಂದರು. ಈ ಬಣ್ಣ ಹಾಕಿ ನೇರಳಾತೀತ ಬೆಳಕಿನಲ್ಲಿ ನೋಡಿದರೆ ಪ್ರತಿ ಕ್ರೋಮೋಸೋಮ್ ಮೇಲೂ ಅದರದ್ದೇ ಆದ ಪಟ್ಟೆಗಳು ಹೊಳೆಯುತ್ತವೆ. 8ಕ್ಕೂ 9ಕ್ಕೂ ಕೊನೆಗೂ ಬೇರೆಬೇರೆ ಮುಖ ಬಂತು. ಅದೇ ಹೊತ್ತಿಗೆ, 1970-71ರಲ್ಲಿ, ರೌಲಿ ದಂಪತಿ ಮತ್ತೊಮ್ಮೆ ಆಕ್ಸ್‌ಫರ್ಡಿಗೆ ಹೋದರು. ಆ ಸಲವೂ ರಜೆ ಗಂಡನದ್ದೇ. ಜಾನೆಟ್ ಪಟ್ಟೆ ವಿಧಾನ ಕಲಿತು ಶಿಕಾಗೋಗೆ ಮರಳಿದರು.

ಆ ಹೊಳಪು ಬೇಗ ಮಾಸಿಬಿಡುತ್ತದೆ. ಮೈಕ್ರೋಸ್ಕೋಪಿನಲ್ಲಿ ಕಣ್ಣಿಟ್ಟು ಗಂಟೆಗಟ್ಟಲೆ ನೋಡುವ ಹಾಗಿಲ್ಲ. ಬೇಗ ಫೋಟೋ ತೆಗೆದು, ಪ್ರಿಂಟ್ ಹಾಕಿ, ಆಮೇಲೆ ನಿಧಾನವಾಗಿ ಅಭ್ಯಾಸ ಮಾಡಬೇಕು. ಫೋಟೋ ಅಂದರೆ ಮನೆಗೂ ತರಬಹುದು. ಕೆಲಸ ಇಲ್ಲದ ದಿನಗಳಲ್ಲಿ ರೌಲಿ ಆ ಪ್ರಿಂಟುಗಳನ್ನು ಊಟದ ಮೇಜಿನ ಮೇಲೆ ಹರಡಿಕೊಂಡು, ಒಂದೊಂದೇ ಕ್ರೋಮೋಸೋಮನ್ನು ಕತ್ತರಿಯಿಂದ ಕತ್ತರಿಸಿ, ಜೋಡಿ ಜೋಡಿಯಾಗಿ ಸಾಲು ಹಚ್ಚುತ್ತಿದ್ದರು. 1ರ ಪಕ್ಕ 1, 2ರ ಪಕ್ಕ 2, ಹೀಗೆ 22ರವರೆಗೆ, ಕೊನೆಗೆ ಲಿಂಗ ಕ್ರೋಮೋಸೋಮ್‌ಗಳು. ಅಮ್ಮ ಕಾಗದದ ಗೊಂಬೆ ಕತ್ತರಿಸೋಕೆ ಸಂಬಳ ತಗೋತಾಳೆ ಎಂದು ಮಕ್ಕಳು ಗೇಲಿ ಮಾಡುತ್ತಿದ್ದರಂತೆ.

ಈ ಗೇಲಿಯ ಪ್ರಸಂಗ ಅವರ ಬಗ್ಗೆ ಬಂದ ಬರಹಗಳಲ್ಲಿ ಪದೇಪದೇ ಸಿಗುತ್ತದೆ. ಕೇಳಲು ಚೆಂದ. ಆದರೆ ಅಡುಗೆಮನೆ ಪಕ್ಕದಲ್ಲಿ ಅದೃಷ್ಟ ಖುಲಾಯಿಸಿತು ಎನ್ನುವ ಭಾವನೆಯನ್ನೂ ಅದು ಹುಟ್ಟಿಸುತ್ತದೆ. ಹತ್ತು ವರ್ಷ ಕಪ್ಪು ಕಡ್ಡಿಗಳನ್ನೇ ನೋಡಿ ಪಳಗಿದ ಕಣ್ಣು ಆ ಮೇಜಿನ ಮುಂದೆ ಕೂತಿತ್ತು ಎನ್ನುವುದು ಮರೆತುಹೋಗುತ್ತದೆ.

1972ರಲ್ಲಿ ಮೊದಲ ಫಲ ಸಿಕ್ಕಿತು. ಎಎಂಎಲ್ ಎಂಬ ತೀವ್ರ ಲುಕೇಮಿಯಾದಲ್ಲಿ 8ನೇ ಕ್ರೋಮೋಸೋಮಿನ ತುಂಡು 21ಕ್ಕೆ ಹೋಗಿತ್ತು, 21ರದ್ದು 8ಕ್ಕೆ ಬಂದಿತ್ತು. ಎರಡು ರೈಲುಗಳು ಕೊನೆಯ ಬೋಗಿಗಳನ್ನು ಅದಲುಬದಲು ಮಾಡಿಕೊಂಡ ಹಾಗೆ. ಇದಕ್ಕೆ ಟ್ರಾನ್ಸ್‌ಲೊಕೇಶನ್ ಎನ್ನುತ್ತಾರೆ.

ಅದಾದ ಕೆಲವೇ ತಿಂಗಳಲ್ಲಿ ಸಿಎಂಎಲ್ ಸರದಿ. ಕಾಯಿಲೆ ಉಲ್ಬಣಿಸಿದ ರೋಗಿಗಳ ಕೋಶಗಳನ್ನು ನೋಡುವಾಗ 9ನೇ ಕ್ರೋಮೋಸೋಮಿನ ತುದಿ ಸ್ವಲ್ಪ ಉದ್ದ ಅನ್ನಿಸಿತು. ಉಲ್ಬಣದಿಂದಲೇ ಹೀಗಾಗಿದೆಯೋ ಏನೋ ಎಂದು ಕಾಯಿಲೆಯ ಮೊದಲ ಹಂತದ ಕೋಶಗಳನ್ನೂ ತೆಗೆದು ನೋಡಿದರು. ಅಲ್ಲೂ ಇತ್ತು. ಫಿಲಡೆಲ್ಫಿಯಾ ಕ್ರೋಮೋಸೋಮ್ ಅಂದರೆ ತುದಿ ಹೋದ 22. ಅಲ್ಲಿ ಎಷ್ಟು ಕಡಿಮೆಯೋ ಹೆಚ್ಚುಕಡಿಮೆ ಅಷ್ಟೇ 9ರಲ್ಲಿ ಹೆಚ್ಚು. ಹದಿಮೂರು ವರ್ಷದಿಂದ ಕಳೆದುಹೋಗಿದೆ ಎಂದುಕೊಂಡ ತುಂಡು 9ರ ತುದಿಯಲ್ಲಿ ಕೂತಿತ್ತು.

ಯಾರೂ ಚಪ್ಪಾಳೆ ತಟ್ಟಲಿಲ್ಲ

8-21ರ ಲೇಖನವನ್ನು ಅಮೆರಿಕದ ಹೆಸರಾಂತ ವೈದ್ಯಕೀಯ ಪತ್ರಿಕೆಯೊಂದು ತಿರಸ್ಕರಿಸಿತು. ಅದು ಕೊನೆಗೆ ಬಂದದ್ದು ಫ್ರಾನ್ಸಿನ 'ಅನಾಲ್ ದ ಜೆನೆಟಿಕ್'ನಲ್ಲಿ. 9-22ರದ್ದು 'ನೇಚರ್'ನಲ್ಲೇ ಬಂತು, ಆದರೂ ಕ್ಯಾನ್ಸರ್ ತಜ್ಞರು ಅಭಿಪ್ರಾಯ ಬದಲಿಸಿಕೊಳ್ಳಲಿಲ್ಲ. ಒಂದೆರಡು ಕಾಯಿಲೆಯಲ್ಲಿ ಹೀಗಾದರೆ ಏನಂತೆ ಎನ್ನುವ ಧೋರಣೆ.

ಇಲ್ಲಿಂದ ಮುಂದೆ ರೌಲಿ ಮಾಡಿದ್ದೇ ಅವರ ವಿದ್ವತ್ತಿನ ಪ್ರಭಾವದ ಬುನಾದಿ ಎಂದು ನಾನು ತಿಳಿದಿದ್ದೇನೆ. ವಾದಕ್ಕೆ ಇಳಿಯದೆ ಇನ್ನಷ್ಟು ಉದಾಹರಣೆ ಕೂಡಿಹಾಕುತ್ತಾ ಹೋದರು. 1977ರಲ್ಲಿ ಎಪಿಎಲ್ ಎಂಬ, ರಕ್ತಸ್ರಾವದಿಂದ ಬೇಗ ಕೊಲ್ಲುತ್ತಿದ್ದ ಲುಕೇಮಿಯಾದಲ್ಲಿ 15-17ರ ಅದಲುಬದಲು. 1979ರಲ್ಲಿ, ಜಪಾನಿನಿಂದ ಬಂದಿದ್ದ ಫುಕುಹಾರಾ ಜತೆ, ಲಿಂಫೋಮಾ ಎಂಬ ದುಗ್ಧಗ್ರಂಥಿಗಳ ಕ್ಯಾನ್ಸರಿನಲ್ಲಿ 14-18ರದ್ದು. 1983ರಲ್ಲಿ ಮಿಶೆಲ್ ಲೆ ಬೋ ಜತೆ 16ನೇ ಕ್ರೋಮೋಸೋಮಿನ ಒಂದು ತುಂಡು ಅದರೊಳಗೇ ತಿರುವುಮುರುವಾಗಿ ಕೂರುವ ಬಗೆ. ಇನ್ನೊಂದು ಕಡೆ, ಬೇರೆ ಕ್ಯಾನ್ಸರಿಗೆ ಕೀಮೋ ಅಥವಾ ರೇಡಿಯೇಶನ್ ತೆಗೆದುಕೊಂಡವರಿಗೆ ವರ್ಷಗಳ ನಂತರ ಬರುವ ಲುಕೇಮಿಯಾದಲ್ಲಿ 5 ಮತ್ತು 7ನೇ ಕ್ರೋಮೋಸೋಮ್‌ಗಳು ನಷ್ಟವಾಗುವುದನ್ನೂ ಅವರ ತಂಡ ತೋರಿಸಿತು.

ಜತೆಗೆ ಒಂದು ಸಪ್ಪೆ ಕೆಲಸ. 1977ರಲ್ಲಿ ಹೆಲ್ಸಿಂಕಿಯಲ್ಲಿ ಲುಕೇಮಿಯಾ ಕ್ರೋಮೋಸೋಮ್‌ಗಳ ಮೊದಲ ಅಂತರರಾಷ್ಟ್ರೀಯ ಕಾರ್ಯಾಗಾರ ನಡೆಯಿತು. ಬೇರೆಬೇರೆ ದೇಶದ ಲ್ಯಾಬುಗಳು ತಮ್ಮ ರೋಗಿಗಳ ಮಾಹಿತಿಯನ್ನು ಒಂದೇ ಮೇಜಿಗೆ ತಂದು ಹೋಲಿಸಿದವು. ಆಮೇಲೆ ಇಂಥವು ಸಾಲಾಗಿ ನಡೆದವು. ರೌಲಿ ಈ ಕೂಟದ ಮುಂಚೂಣಿಯಲ್ಲಿದ್ದರು. ಒಂದು ಲ್ಯಾಬಿಗೆ ವರ್ಷದಲ್ಲಿ ಬೆರಳೆಣಿಕೆಯಷ್ಟು ಸಿಗುವ ರೋಗಿಗಳು, ಹತ್ತಾರು ಲ್ಯಾಬು ಸೇರಿದಾಗ ನೂರಾರು ಆಗುತ್ತಾರೆ. ಯಾವ ಬದಲಾವಣೆ ಇದ್ದವರು ಹೆಚ್ಚು ದಿನ ಬದುಕಿದರು, ಯಾವುದಿದ್ದವರು ಬೇಗ ಹೋದರು ಎಂದು ಲೆಕ್ಕ ಹಾಕಲು ಆಗುವುದು ಆಗಲೇ. ವೈದ್ಯರು ಕಿವಿಗೊಟ್ಟದ್ದು ಈ ಲೆಕ್ಕಕ್ಕೆ. ಪ್ರಶಸ್ತಿ ಪತ್ರಗಳಲ್ಲಿ ಇಂಥ ಕೆಲಸಕ್ಕೆ ಒಂದು ಸಾಲೂ ಸಿಗುವುದು ಕಷ್ಟ.

ಇದರ ಫಲ 2001ರಲ್ಲಿ ಕಂಡಿತು. ವಿಶ್ವ ಆರೋಗ್ಯ ಸಂಸ್ಥೆ ರಕ್ತದ ಕ್ಯಾನ್ಸರುಗಳನ್ನು ಹೊಸದಾಗಿ ವಿಂಗಡಿಸಿತು. ಅಲ್ಲಿಯವರೆಗೆ ಎಎಂಎಲ್ ಅನ್ನು ಕೋಶದ ರೂಪ ನೋಡಿ ವಿಂಗಡಿಸುತ್ತಿದ್ದರು. ಹೊಸ ಪಟ್ಟಿಯಲ್ಲಿ ಕ್ರೋಮೋಸೋಮ್ ಬದಲಾವಣೆಯಿಂದಲೇ ಗುರುತಿಸುವ ನಾಲ್ಕು ಬಗೆ ಬಂದವು: 8-21, 15-17, 16ರ ತಿರುವು, ಮತ್ತು 11ನೇ ಕ್ರೋಮೋಸೋಮಿನ ಒಂದು ನಿರ್ದಿಷ್ಟ ಜಾಗದ ಮುರಿತ. ಮೊದಲ ಎರಡನ್ನು ಕಂಡುಹಿಡಿದವರು ರೌಲಿ. ಮೂರನೆಯದರಲ್ಲಿ ಅವರ ತಂಡದ ಕೈ ಇದೆ. ನಾಲ್ಕನೆಯದರ ಹಿಂದಿನ ಎಂಎಲ್ಎಲ್ ಜೀನನ್ನು 1991ರಲ್ಲಿ ಹೆಕ್ಕಿದ ಲ್ಯಾಬುಗಳಲ್ಲಿ ಅವರದ್ದೂ ಒಂದು. ಉಲ್ಲೇಖಗಳ ಲೆಕ್ಕಕ್ಕಿಂತ ಈ ಪಟ್ಟಿಯೇ ನನಗೆ ದೊಡ್ಡ ಸಾಕ್ಷಿ.

ಮಾತ್ರೆ ಯಾರದ್ದು?

ರೌಲಿಯೇ ಸಿಎಂಎಲ್‌ಗೆ ಔಷಧ ಕೊಟ್ಟರು ಎಂದು ಬರೆಯುವವರಿದ್ದಾರೆ. ಅದು ಸರಿಯಲ್ಲ. 1973ರಿಂದ 2001ರವರೆಗೆ 28 ವರ್ಷ, ಕೈಗಳು ಹಲವು. 9ರ ತುದಿಯಲ್ಲಿದ್ದ ಏಬಲ್ ಎಂಬ ಜೀನ್ 22ಕ್ಕೆ ಹೋಗುತ್ತದೆ ಎಂದು 1982ರಲ್ಲಿ ತೋರಿಸಿದವರು ನೋರಾ ಹೈಸ್ಟರ್‌ಕಾಂಪ್, ಜಾನ್ ಗ್ರೋಫೆನ್, ಆನೆಲೀಸ್ ದ ಕ್ಲೈನ್ ಮುಂತಾದವರು. ಅದು ಹೋಗಿ ಕೂರುವ ಜಾಗಕ್ಕೆ ಬಿಸಿಆರ್ ಎಂದು ಹೆಸರಿಟ್ಟದ್ದು 1984ರಲ್ಲಿ. ಎರಡೂ ಬೆಸೆದು ಆಗುವ ಪ್ರೋಟೀನ್ ಸದಾ ಚಾಲೂ ಇರುವ ಕಿಣ್ವ. ಕೋಶಕ್ಕೆ ಬೆಳೆ ಬೆಳೆ ಎಂದು ಹೇಳುತ್ತಲೇ ಇರುತ್ತದೆ. ಈ ಬೆಸೆದ ಜೀನನ್ನು ಇಲಿಗಳಿಗೆ ಹಾಕಿದರೆ ಅದೇ ಕಾಯಿಲೆ ಬರುತ್ತದೆ ಎಂದು 1990ರಲ್ಲಿ ಜಾರ್ಜ್ ಡೇಲಿ, ಡೇವಿಡ್ ಬಾಲ್ಟಿಮೋರ್ ಮತ್ತಿತರರು ತೋರಿಸಿದರು. ಕಾರಣವೋ ಪರಿಣಾಮವೋ ಎಂಬ ಹಳೇ ಜಗಳ ಸಿಎಂಎಲ್ ಮಟ್ಟಿಗೆ ಅಲ್ಲಿಗೆ ಮುಗಿಯಿತು.

ಆ ಕಿಣ್ವವನ್ನು ತಡೆಯುವ ಇಮ್ಯಾಟಿನಿಬ್ ಎಂಬ ಮಾತ್ರೆಯ ಹಿಂದೆ ನಿಕೋಲಸ್ ಲೈಡನ್, ಬ್ರಯಾನ್ ಡ್ರೂಕರ್ ಇದ್ದಾರೆ. ಮೊದಲ ರೋಗಿಗೆ ಕೊಟ್ಟದ್ದು 1998ರಲ್ಲಿ. ದಿನಕ್ಕೆ 300 ಮಿಲಿಗ್ರಾಂ ಅಥವಾ ಹೆಚ್ಚು ತೆಗೆದುಕೊಂಡ 54 ರೋಗಿಗಳಲ್ಲಿ 53 ಮಂದಿಯ ರಕ್ತಕಣಗಳ ಲೆಕ್ಕ ಸರಿಹೋಯಿತು. 2001ರ ಮೇ 10ರಂದು ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಅಲ್ಲಿಯವರೆಗೆ ಕಾಯಿಲೆ ಪತ್ತೆಯಾದ ಮೇಲೆ ಕೆಲವೇ ವರ್ಷ ಎನ್ನುವ ಸ್ಥಿತಿ ಇತ್ತು. ಮೊದಲ ದೊಡ್ಡ ಪ್ರಯೋಗದಲ್ಲಿ ಈ ಮಾತ್ರೆಯಿಂದ ಶುರು ಮಾಡಿದವರಲ್ಲಿ ಶೇ. 83ರಷ್ಟು ಮಂದಿ ಹತ್ತು ವರ್ಷದ ನಂತರವೂ ಬದುಕಿದ್ದರು.

1998ರಲ್ಲಿ ರೌಲಿಗೆ ನೋವೆಲ್ ಮತ್ತು ಕ್ಯಾನ್ಸರ್ ಸಂಶೋಧಕ ಆಲ್ಫ್ರೆಡ್ ನುಡ್ಸನ್ ಜತೆ, ಅಮೆರಿಕದ ದೊಡ್ಡ ವೈದ್ಯಕೀಯ ಪ್ರಶಸ್ತಿಯಾದ ಲಾಸ್ಕರ್ ಬಂತು. 2009ರಲ್ಲಿ ಅಧ್ಯಕ್ಷ ಒಬಾಮ ಕೈಯಿಂದ ಪ್ರೆಸಿಡೆನ್ಶಿಯಲ್ ಮೆಡಲ್ ಆಫ್ ಫ್ರೀಡಮ್. 2012ರಲ್ಲಿ ಡ್ರೂಕರ್, ಲೈಡನ್ ಜತೆ ಜಪಾನ್ ಪ್ರೈಜ್. ನೊಬೆಲ್ ಬರಲಿಲ್ಲ.

ಎಲ್ಲಿ ಈ ದಾರಿ ಕೆಲಸ ಮಾಡಲಿಲ್ಲ

ಒಂದು ಬೆಸುಗೆ, ಒಂದು ಪ್ರೋಟೀನ್, ಒಂದು ಮಾತ್ರೆ ಎಂಬ ಸೂತ್ರ ಸಿಎಂಎಲ್‌ನಲ್ಲಿ ಹೊಂದಿದಷ್ಟು ಸಲೀಸಾಗಿ ಬೇರೆಡೆ ಹೊಂದಲಿಲ್ಲ. ಎಪಿಎಲ್‌ನಲ್ಲಿ ಹೊಂದಿತು, ಆದರೆ ಕ್ರಮ ತಿರುಗುಮುರುಗು. ಶಾಂಘೈನ ವೈದ್ಯರು 1980ರ ದಶಕದಲ್ಲೇ ವಿಟಮಿನ್ ಎ ಸಂಬಂಧಿ ಔಷಧ ಕೊಟ್ಟು ರೋಗಿಗಳನ್ನು ಉಳಿಸಿದ್ದರು. 15-17ರ ಬೆಸುಗೆಯಲ್ಲಿ ಸಿಕ್ಕಿಕೊಂಡಿರುವುದು ಆ ವಿಟಮಿನ್ನಿನ ಗ್ರಾಹಕ ಜೀನೇ ಎಂದು ತಿಳಿದದ್ದು ಆಮೇಲೆ. ಸ್ತನ, ಶ್ವಾಸಕೋಶ, ಅಂಡಾಶಯದಂಥ ಗಡ್ಡೆಗಳಲ್ಲಿ ಸಾಮಾನ್ಯವಾಗಿ ಕ್ರೋಮೋಸೋಮ್‌ಗಳ ಚಿತ್ರ ಚೆಲ್ಲಾಪಿಲ್ಲಿ. ಹಿಡಿಯಲು ಒಂದೇ ಎಳೆ ಸಿಗುವುದು ಅಪರೂಪ. ಹಿಂದೆ ಅಪವಾದ ಎಂದು ಗೊಣಗಿದವರ ಮಾತಿನಲ್ಲಿ ಅಷ್ಟರ ಮಟ್ಟಿಗೆ ಹುರುಳಿತ್ತು. ರೌಲಿ ತೀರಿಕೊಂಡದ್ದು 2013ರ ಡಿಸೆಂಬರ್ 17ರಂದು, 88ನೇ ವಯಸ್ಸಿನಲ್ಲಿ, ಅಂಡಾಶಯದ ಕ್ಯಾನ್ಸರಿನಿಂದ.

ನಮ್ಮ ಕಡೆ ಬಂದಾಗ

ಭಾರತದಲ್ಲಿ ಇಮ್ಯಾಟಿನಿಬ್ ಸುದ್ದಿಯಾದದ್ದು ಬೆಲೆಯಿಂದ. ನೊವಾರ್ಟಿಸ್ ಕಂಪನಿ ಗ್ಲಿವೆಕ್ ಹೆಸರಲ್ಲಿ ಮಾರುತ್ತಿದ್ದ ಇಮ್ಯಾಟಿನಿಬ್‌ಗೆ ಆಗ ತಿಂಗಳಿಗೆ ಸುಮಾರು 1.2 ಲಕ್ಷ ರೂಪಾಯಿ ಆಗುತ್ತಿತ್ತು. ಇಲ್ಲಿನ ಕಂಪನಿಗಳ ಅದೇ ಮಾತ್ರೆಗೆ 8ರಿಂದ 10 ಸಾವಿರ ಇತ್ತು. ಇಮ್ಯಾಟಿನಿಬ್‌ನ ಒಂದು ಹರಳು ರೂಪಕ್ಕೆ ಕಂಪನಿ ಕೇಳಿದ ಪೇಟೆಂಟನ್ನು ಚೆನ್ನೈ ಪೇಟೆಂಟ್ ಕಚೇರಿ 2006ರಲ್ಲಿ ನಿರಾಕರಿಸಿತು. ಕೇಸು ಸುಪ್ರೀಂ ಕೋರ್ಟಿಗೆ ಹೋಗಿ, 2013ರ ಏಪ್ರಿಲ್ 1ರಂದು ಕಂಪನಿ ಸೋತಿತು. ಹಳೇ ಪದಾರ್ಥದ ಹೊಸ ರೂಪಕ್ಕೆ, ಅದರ ಪರಿಣಾಮದಲ್ಲಿ ನಿಜವಾದ ಹೆಚ್ಚಳ ಇಲ್ಲದಿದ್ದರೆ, ಪೇಟೆಂಟ್ ಇಲ್ಲ ಎನ್ನುವ ನಮ್ಮ ಕಾನೂನಿನ 3(ಡಿ) ಕಲಂ ಆಗ ಎಲ್ಲರ ಬಾಯಲ್ಲೂ ಇತ್ತು. ಎಪಿಎಲ್‌ಗೆ ಆರ್ಸೆನಿಕ್ ಟ್ರೈಆಕ್ಸೈಡ್ ಒಂದನ್ನೇ ಕೊಟ್ಟು ಚೆನ್ನಾಗಿ ಗುಣಪಡಿಸಬಹುದು ಎಂದು ತೋರಿಸಿದ ತಂಡಗಳಲ್ಲಿ ವೆಲ್ಲೂರಿನ ಸಿಎಂಸಿ ಆಸ್ಪತ್ರೆಯದ್ದೂ ಒಂದು.

ರಿಪೋರ್ಟ್ ಚೀಟಿಯೊಂದನ್ನು ಓದಿ ನೋಡೋಣ. '46, ಎಕ್ಸ್‌ವೈ, ಟಿ(9;22)(ಕ್ಯೂ34;ಕ್ಯೂ11)' ಎಂದು ಇದ್ದರೆ, ಒಟ್ಟು ಕ್ರೋಮೋಸೋಮ್ 46, ರೋಗಿ ಗಂಡಸು, ಟ್ರಾನ್ಸ್‌ಲೊಕೇಶನ್ ಆಗಿದೆ, ಅದಲುಬದಲಾದವು 9 ಮತ್ತು 22. 'ಕ್ಯೂ' ಅಂದರೆ ಉದ್ದ ತೋಳು, ಮುಂದಿನ ಅಂಕಿ ಮುರಿದ ಪಟ್ಟೆಯದ್ದು. ಈ ಮುರಿತ ಕಾಯಿಲೆಯ ಕೋಶಗಳಲ್ಲಿ ಮಾತ್ರ ಇರುತ್ತದೆ, ಅಪ್ಪ ಅಮ್ಮನಿಂದ ಬಂದದ್ದಲ್ಲ, ಮಕ್ಕಳಿಗೂ ಹೋಗುವುದಿಲ್ಲ. ಜೆನೆಟಿಕ್ ಎಂಬ ಪದ ಚೀಟಿಯಲ್ಲಿ ಕಂಡ ಕೂಡಲೇ ಮನೆಯವರು ಹೆದರುವುದುಂಟು, ಅದಕ್ಕೇ ಹೇಳಿದೆ. ಚಿಕಿತ್ಸೆ ಶುರುವಾದ ಮೇಲೆ ರಕ್ತದಿಂದಲೇ ಪಿಸಿಆರ್ ಎಂಬ, ಜೀನಿನ ಸಣ್ಣ ಅಂಶವನ್ನೂ ಹಿಡಿಯುವ ಪರೀಕ್ಷೆ ಮಾಡಿ ಬಿಸಿಆರ್-ಏಬಲ್ ಎಷ್ಟು ಉಳಿದಿದೆ ಎಂದು ಶೇಕಡಾದಲ್ಲಿ ಬರೆಯುತ್ತಾರೆ. 0.1 ಅಥವಾ ಅದಕ್ಕಿಂತ ಕೆಳಗೆ ಬಂದರೆ ಔಷಧ ಚೆನ್ನಾಗಿ ಹಿಡಿದಿದೆ ಎಂದರ್ಥ.

ಈಗಿನ ಚರ್ಚೆ ಮಾತ್ರೆಯನ್ನು ನಿಲ್ಲಿಸಬಹುದೇ ಎನ್ನುವುದರ ಮೇಲೆ. ಕನಿಷ್ಠ ಎರಡು ವರ್ಷ ಪಿಸಿಆರ್‌ಗೂ ಸಿಗದಷ್ಟು ಕಾಯಿಲೆ ಇಳಿದಿದ್ದ 100 ಮಂದಿಗೆ ಫ್ರಾನ್ಸಿನಲ್ಲಿ ಇಮ್ಯಾಟಿನಿಬ್ ನಿಲ್ಲಿಸಿ ನೋಡಿದರು. 2010ರಲ್ಲಿ ಬಂದ ಫಲಿತಾಂಶದ ಪ್ರಕಾರ ಸುಮಾರು ಶೇ. 40ರಷ್ಟು ಮಂದಿಯಲ್ಲಿ ಒಂದು ವರ್ಷವಾದರೂ ಅದು ಮರಳಿರಲಿಲ್ಲ. ಮರಳಿದವರಲ್ಲಿ ಹೆಚ್ಚಿನವರಿಗೆ ಮೊದಲ ಆರು ತಿಂಗಳಲ್ಲೇ ಮರಳಿತು, ಮಾತ್ರೆ ಮತ್ತೆ ಶುರು ಮಾಡಿದಾಗ ಹತೋಟಿಗೂ ಬಂತು. ನಿಲ್ಲಿಸಿದವರು ಆ ತಿಂಗಳುಗಳಲ್ಲಿ ಪದೇಪದೇ ಪಿಸಿಆರ್ ಮಾಡಿಸಲೇಬೇಕು. ಮಾತ್ರೆ ಅಗ್ಗವಾಗಿ, ಪರೀಕ್ಷೆಯೇ ದುಬಾರಿ ಎನ್ನಿಸುವ ಮನೆಗಳಲ್ಲಿ ಈ ಸಲಹೆ ಕೊಡುವ ಮುಂಚೆ ವೈದ್ಯರು ಎರಡು ಸಲ ಯೋಚಿಸಬೇಕಾಗುತ್ತದೆ.